ಮಾಸ್ತರು ಬರೆಸಿದ ಸಂಜೆ

ಅಂದು ಬೆಳಿಗ್ಗೆ ಬೆಕ್ಕು ಅಡ್ಡ ಬರಲಿಲ್ಲ. ಹಾಲು ಒಡೆಯಲಿಲ್ಲ. ಕಣ್ಣು ಅದುರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಸಂಗತಿ ಹೇಳಿದಾಗಲೆಲ್ಲ "ಮುಂಜಾನಿಂದನ ಏನರ ಸೂಚನಾ ಇದ್ದಿರಬೇಕಲ್ರೀ" ಎಂದು ಕೇಳುವವರಿದ್ದಾರೆ. ಇರಲಿಲ್ಲ. ಎಂದಿನಂತೆ ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಟ್ಟೆ. ಆಫೀಸಿನ ಕೆಲಸಕ್ಕೆ ಬೀದರಿಗೆ ಹೊರಟಿದ್ದ ನಮ್ಮವರಿಗೆ ಚಪಾತಿ ಕಟ್ಟಿಕೊಟ್ಟೆ. ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಕಲ್ಲು ಆರಿಸುತ್ತ ಕುಳಿತೆ. ಬಿಸಿಲು ಆಗಲೇ ಕಟ್ಟೆಗೆ ಬಂದಿತ್ತು.

ನಡೆದದ್ದನ್ನು ನಡೆದಷ್ಟೇ ಬರೆಯುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾನಂತೂ ಅಲ್ಲಿದ್ದೆ, ಕಿವಿಯಾರೆ ಕೇಳಿದೆ.

ಆಗ ನಾವು ಕಲಬುರ್ಗಿಯ ಐವಾನ್-ಎ-ಶಾಹಿ ಬಡಾವಣೆಯ ಕಡೆ ಬಾಡಿಗೆಗೆ ಇದ್ದೆವು. ಗೇಟಿನ ಸದ್ದಾಯಿತು. ತಲೆಯೆತ್ತಿದರೆ ವತ್ಸಲಾ.

ವತ್ಸಲಾ ನನ್ನ ನಾದಿನಿ, ನಮ್ಮವರ ತಂಗಿ. ಅವಳನ್ನು ಕಮಲಾಪುರಕ್ಕೆ ಕೊಟ್ಟಿತ್ತು. ಗಂಡ ಗುರುರಾಜ ಅಲ್ಲಿಯೇ ಸಣ್ಣ ಶಾಲೆಯೊಂದರಲ್ಲಿ ಮಾಸ್ತರು. ನಾವೆಲ್ಲ ಅವರನ್ನು ಮಾಸ್ತರು ಎಂದೇ ಕರೆಯುತ್ತಿದ್ದೆವು. ಆ ವರ್ಷ ದಸರೆಯ ರಜೆ ಮುಗಿದು ಶಾಲೆ ಶುರುವಾದ ವಾರದಲ್ಲಿ, ಮಧ್ಯಾಹ್ನ ಮನೆಗೆ ಬಂದವರು ಎದೆ ಒತ್ತಿಕೊಂಡು ಕಟ್ಟೆಯ ಮೇಲೆ ಕುಳಿತರಂತೆ. ಮತ್ತೆ ಏಳಲಿಲ್ಲ. ಆಗ ಅವರ ಮಗಳಿಗೆ ಇನ್ನೂ ವರ್ಷ ತುಂಬಿರಲಿಲ್ಲ.

ಮಾಸ್ತರು ಇದ್ದಾಗ ಇಬ್ಬರೂ ಬಂದರೆ ಮೊದಲು ಒಳಗೆ ಬರುತ್ತಿದ್ದದ್ದು ಕಮಲಾಪುರದ ಕೆಂಪು ಬಾಳೆಹಣ್ಣಿನ ವಾಸನೆ. ಅವರ ಕೈಯಲ್ಲಿ ಆ ಚೀಲ ಇಲ್ಲದ ದಿನವೇ ಇಲ್ಲ. ಈ ಸಲ ವತ್ಸಲಾಳ ಕೈಯಲ್ಲಿ ಇದ್ದದ್ದು ಒಂದು ಕರವಸ್ತ್ರದ ಗಂಟು ಮಾತ್ರ. ಬಸ್ಸಿನ ಟಿಕೀಟನ್ನು ಮಡಿಸಿ ಮಡಿಸಿ ಉಗುರಿನಷ್ಟು ಸಣ್ಣದು ಮಾಡಿದ್ದಳು.

ನೀರು ಕೊಟ್ಟೆ. ಕುಡಿಯಲಿಲ್ಲ.

"ವೈನಿ, ನಿಮ್ಮ ಕಂಪ್ಯೂಟರ್ ಛಲೋ ಅದ ಅಲ್ಲ?"

"ಅದ. ಯಾಕವ್ವಾ? ಕೂಸೆಲ್ಲಿ?"

"ಮೈ ಬೆಚ್ಚಗಿತ್ತು, ಅತ್ತಿ ಹತ್ರ ಬಿಟ್ಟು ಬಂದೀನಿ." ಕರವಸ್ತ್ರದ ಗಂಟು ಬಿಚ್ಚಿದಳು. ಒಳಗೆ ಕಪ್ಪು ಬಣ್ಣದ ಪೆನ್ ಡ್ರೈವ್. "ಇದರಾಗ ಅವರ ದನಿ ಅದರೀ."

ಮಾಸ್ತರು ಶಾಲೆಯ ಕಂಪ್ಯೂಟರಿನಲ್ಲಿ ಮೈಕು ಹಚ್ಚಿ ಉಕ್ತಲೇಖನ ಹೇಳಿ ತುಂಬಿಸಿದ್ದರಂತೆ. ಜನಗಣತಿ, ಚುನಾವಣೆ ಎಂದು ಡ್ಯೂಟಿ ಬೀಳುತ್ತಿತ್ತಲ್ಲ, ತಾವಿಲ್ಲದ ದಿನ ಅದನ್ನು ಹಚ್ಚಿ ಮಕ್ಕಳಿಗೆ ಬರೆಸಲಿ ಎಂದು. ಶಾಲೆಯ ಆ ಕಂಪ್ಯೂಟರು ಕೆಟ್ಟು ಮೂಲೆ ಸೇರಿತ್ತು. ಉಳಿದದ್ದು ಇದೊಂದೇ. ಅದೂ ಶಾಲೆಯ ವಸ್ತು.

"ನಾಳಿಗಿ ಹೊಸ ಮಾಸ್ತರು ಚಾರ್ಜ್ ತೊಗೋತಾರ. ಇದನ್ನೂ ಒಪ್ಪಿಸಬೇಕಂತ. ಒಪ್ಪಿಸ್ತೀನಿ. ಆದರ ಅವರ ದನಿ ನಿಮ್ಮ ಕಂಪ್ಯೂಟರಿನಾಗ ಇಳಿಸಿಟ್ಟುಬಿಡ್ರಿ. ಕೂಸು ದೊಡ್ಡದಾಗಿ ಕೇಳ್ತದಲ್ಲ ವೈನಿ, ನಮ್ಮಪ್ಪ ಹ್ಯಾಂಗ ಮಾತಾಡ್ತಿದ್ರು ಅಂತ..."

ನಾನು ಮೊರ ಕೆಳಗಿಟ್ಟು ಎದ್ದೆ.

ನಮ್ಮ ಕಂಪ್ಯೂಟರಿನ ಸ್ಥಿತಿ ಸ್ವಲ್ಪ ಹೇಳಬೇಕು. ಬಡಗಿ ಮಾಡಿಕೊಟ್ಟ ಸಾಗವಾನಿಯ ಟೇಬಲ್ಲು, ಬೀರು ಮತ್ತು ಗೋಡೆಯ ನಡುವೆ ಸಿಕ್ಕಿಸಿಟ್ಟಂತೆ ಕೂತಿತ್ತು. ಸಿಪಿಯು ಅದರ ಗೂಡಿನೊಳಗೆ. ಪೆನ್ ಡ್ರೈವ್ ಚುಚ್ಚುವ ಮುಂದಿನ ಎರಡು ಕಿಂಡಿಗಳಲ್ಲಿ ಒಂದು ಮುರಿದಿತ್ತು, ಇನ್ನೊಂದು ಸತ್ತಿತ್ತು. ಆದರೆ ಮಾನಿಟರು ದೊಡ್ಡದು. ನಮ್ಮವರ ಆಫೀಸಿನಲ್ಲಿ ಹಳೆಯದನ್ನು ತೆಗೆದಾಗ ತಂದದ್ದು. ಅದರ ಎಡಬದಿಗೇ ಎರಡು ಯುಎಸ್‌ಬಿ ಕಿಂಡಿಗಳಿದ್ದವು.

ಪೆನ್ ಡ್ರೈವನ್ನು ಅಲ್ಲಿ ಚುಚ್ಚಿದೆ. ಏನೂ ಆಗಲಿಲ್ಲ. ತಪ್ಪು ಎಂದಾದರೂ ಪರದೆಯ ಮೇಲೆ ಬರಬೇಕಲ್ಲ, ಅದೂ ಇಲ್ಲ. ಗೋಡೆಗೆ ಚುಚ್ಚಿದ ಹಾಗೆ. ಇನ್ನೊಂದಕ್ಕೆ ಹಾಕಿದೆ. ತೆಗೆದು ಊದಿದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಧೂಳು ತೆಗೆದೆ. ಕಂಪ್ಯೂಟರು ಆರಿಸಿ ಮತ್ತೆ ಹಚ್ಚಿದೆ. ಸಿಪಿಯುವಿನ ಹಿಂದಿನ ಕಿಂಡಿ ಸಿಗಲೆಂದು ಟೇಬಲ್ಲು ಎಳೆಯಲು ಇಬ್ಬರೂ ಸೇರಿ ಪ್ರಯತ್ನಿಸಿದೆವು, ಅದು ಕದಲಲಿಲ್ಲ.

ನಮ್ಮವರಿಗೆ ಫೋನ್ ಮಾಡಿದರೆ, "ಆ ಕಿಂಡಿ ಭಾಳ ದಿನದಿಂದ ನಡೀವಲ್ತು. ಸುಣ್ಣ ಹಚ್ಚಿಸಿದಾಗ ಎಲ್ಲಾ ವೈರ್ ಬಿಚ್ಚಿ ಹಾಕಿದ್ನಲ್ಲ, ಆವಾಗಿನಿಂದ. ಯಾರನ್ನರ ಕರಸು," ಎಂದರು.

ನೆಟ್ ಸೆಂಟರಿಗೆ ಹೋಗೋಣವೇ ಎಂದೆ. ವತ್ಸಲಾ ಬೇಡ ಎಂದು ತಲೆಯಾಡಿಸಿದಳು. "ಅಷ್ಟ ಮಂದಿ ನಡುವ ಕೂತು ಅವರ ದನಿ ಕೇಳ್ಲೇನು ವೈನಿ?"

ಸೂಪರ್ ಮಾರ್ಕೆಟ್ ಬಜಾರಿನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಫೋನ್ ಮಾಡಿದೆ. ಇರ್ಫಾನ್ ಎಂಬವರು ಅಲ್ಲಿ ಕೆಲಸ ಮಾಡುತ್ತಿದ್ದರು. "ಶಾಮ್ ನಮಾಜ್ ಮುಗಿಸಿ ಬರ್ತೀನಿ ಮೇಡಂ, ಪಕ್ಕಾ," ಎಂದರು.

ಕಾಯುವುದೊಂದೇ ಉಳಿಯಿತು. ಮಧ್ಯಾಹ್ನ ವತ್ಸಲಾ ಅನ್ನವನ್ನು ಕೈಯಲ್ಲಿ ಕಲಸಿದಳಷ್ಟೆ. ಮತ್ತೆ ಮತ್ತೆ ಹೋಗಿ ಕಿಂಡಿಗೆ ಪೆನ್ ಡ್ರೈವ್ ಹಾಕಿ ತೆಗೆದು ಮಾಡುತ್ತಿದ್ದಳು. ನಿದ್ದೆ ಹೋದವರನ್ನು ಭುಜ ಮುಟ್ಟಿ ಎಬ್ಬಿಸಿದಷ್ಟು ಮೆಲ್ಲಗೆ. ನೋಡಲಾರದೆ ನಾನು ಅಡುಗೆಮನೆಗೆ ಬಂದುಬಿಟ್ಟೆ.

ಚಳಿಗಾಲದ ಸಂಜೆ, ಕತ್ತಲೆ ಬೇಗ ಇಳಿಯಿತು. ದೂರದ ಮಸೀದಿಯ ಆಜಾನ್ ಮುಗಿದು ಓಣಿ ಸುಮ್ಮನಾಯಿತು. ನಾನು ದೇವರ ಮನೆಯಲ್ಲಿ ದೀಪಕ್ಕೆ ಎಣ್ಣೆ ಹಾಕಿ ಬತ್ತಿ ಹೊಸೆಯುತ್ತಿದ್ದೆ. ಆಗ ಕೇಳಿಸಿತು...

ಟುಂ... ಟಿಂ.

ಕೆಳಗಿನಿಂದ ಮೇಲಕ್ಕೆ ಏರುವ ಎರಡು ಸ್ವರ. ಏನನ್ನಾದರೂ ಚುಚ್ಚಿದಾಗ, ಗುರುತು ಸಿಕ್ಕಿತು ಎನ್ನುವಂತೆ ಕಂಪ್ಯೂಟರು ಮಾಡುವ ಸದ್ದು.

"ವತ್ಸಲಾ, ಹತ್ತಿತೇನು?"

ಕೂಗುತ್ತಲೇ ಎದ್ದೆ.

ಬತ್ತಿ ಕೈಯಲ್ಲೇ ಇತ್ತು. ಅಷ್ಟರಲ್ಲಿ ವಾಸನೆ ಬಂತು... ಕೆಂಪು ಬಾಳೆಹಣ್ಣಿನದು. ಸಿಪ್ಪೆ ಕಪ್ಪಾಗುವಷ್ಟು ಹಣ್ಣಾದದ್ದು. ಅದರ ಜೊತೆಗೆ ಸೀಮೆಸುಣ್ಣದ ಒಣ ವಾಸನೆ. ಮನೆಯಲ್ಲಿ ಅವೆರಡೂ ಇರಲಿಲ್ಲ.

ನಡುಮನೆಯ ಬಾಗಿಲಿಗೆ ಬಂದು ನಿಂತೆ. ದೀಪ ಹಚ್ಚಿರಲಿಲ್ಲ. ಮಾನಿಟರಿನ ನೀಲಿ ಬೆಳಕು ವತ್ಸಲಾಳ ಮುಖದ ಮೇಲೆ ಬಿದ್ದಿತ್ತು. ಪೆನ್ ಡ್ರೈವ್ ಕಿಂಡಿಯಲ್ಲೇ ಇತ್ತು. ಅವಳ ಎರಡೂ ಕೈ ತೊಡೆಯ ಮೇಲೆ.

ಸ್ಪೀಕರಿನಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು.

"ಬೆಣ್ಣೆ." ಸ್ವಲ್ಪ ಹೊತ್ತು ಬಿಟ್ಟು, "ಬರದ್ರೇನು?"

ಮಾಸ್ತರ ದನಿ. ಕೊನೆಯ ಅಕ್ಷರವನ್ನು ಒಂಚೂರು ಎಳೆಯುವ ರೂಢಿ ಸಹ ಅವರದೇ.

ಮತ್ತೆ, "ಬೆಣ್ಣೆ. ಬರದ್ರೇನು?"

ವತ್ಸಲಾಳ ತುಟಿ ಅಲುಗಿದವು. "ಹೂಂ," ಎಂದಳು, ಉಸಿರಿನಷ್ಟು ಸಣ್ಣಗೆ.

"ಮುಂದಿಂದು. ಚಕ್ಕಡಿ."

ಮೊದಮೊದಲು ನನಗೆ ತಿಳಿಯಲಿಲ್ಲ. ಮೂರನೆಯ ಪದವೋ ನಾಲ್ಕನೆಯದೋ ಬರುವಾಗ ಗಮನಿಸಿದೆ. ಅವಳು ಹೂಂ ಎನ್ನುವ ತನಕ ದನಿ ಮುಂದಕ್ಕೆ ಹೋಗುತ್ತಿರಲಿಲ್ಲ. ಅವಳು ಬೇಗ ಎಂದರೆ ಬೇಗ. ತಡ ಮಾಡಿದರೆ ಅದೇ ಪದ ಮತ್ತೊಮ್ಮೆ. ತುಂಬಿಸಿಟ್ಟ ದನಿ ಹೀಗೆ ಕಾಯುತ್ತದೆಯೇ?

ಪರದೆಯ ಕಡೆ ನೋಡಿದೆ. ಏನೂ ತೆರೆದಿರಲಿಲ್ಲ. ಬರಿಯ ನೀಲಿ... ಮೂಲೆಯಲ್ಲಿ ಬಾಣದ ಗುರುತು, ಅಲುಗದೆ.

"ಹಗ್ಗ. ಬರದ್ರೇನು?"

ಈ ಸಲ ವತ್ಸಲಾಗೆ ಆಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಹೋಗಿ ಹಿಡಿದುಕೊಳ್ಳಬೇಕಿತ್ತು. ಆದರೆ ಆ ಕೋಣೆಯಲ್ಲಿ ಆಗ ಅವರಿಬ್ಬರೇ ಇದ್ದರು. ಹೊಸ್ತಿಲು ದಾಟುವುದು ತಪ್ಪು ಅನ್ನಿಸಿತು.

ದನಿ ಕಾಯಿತು. ಕಟ್ಟಿಗೆಯ ಕುರ್ಚಿ ಕಿರುಗುಟ್ಟಿದ ಸದ್ದು ಸ್ಪೀಕರಿನಲ್ಲಿ ಬಂತು. ವತ್ಸಲಾಳ ಕುರ್ಚಿ ಪ್ಲಾಸ್ಟಿಕ್ಕಿನದು...

ಬಹಳ ಹೊತ್ತಾದ ಮೇಲೆ ಮೆಲ್ಲಗೆ, "ಅವಸರಿಲ್ಲ. ನಾ ಕಾಯ್ತೀನಿ."

ಹೇಗೋ "ಹೂಂ" ಎಂದಳು.

ಆಮೇಲೆ ಇನ್ನೊಂದೇ ಪದ. ಅದು ನನಗೆ ಕೇಳಿಸಲಿಲ್ಲ. ಅಷ್ಟು ತಗ್ಗಿದ ದನಿ. ವತ್ಸಲಾ ಸ್ಪೀಕರಿನ ಕಡೆ ಬಾಗಿದ್ದಳು. ಅವಳಿಗೆ ಕೇಳಿಸಿತು, ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಟಿಂ... ಟುಂ. ಮೇಲಿನಿಂದ ಕೆಳಕ್ಕೆ.

ವಾಸನೆಯೂ ಇರಲಿಲ್ಲ.

ದೀಪ ಹಚ್ಚಿದೆ. ಪಕ್ಕದಲ್ಲಿ ಕುಳಿತು ಬೆನ್ನು ಸವರಿದೆ. "ಕಡೀಕ ಏನಂದ್ರವ್ವಾ?" ಎಂದು ಕೇಳಿದೆ. ತಲೆಯಾಡಿಸಿದಳು, ಹೇಳಲಿಲ್ಲ. ಈ ತನಕವೂ ಹೇಳಿಲ್ಲ.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದಿಗೆ ಇಬ್ಬರೂ ಬೆಚ್ಚಿಬಿದ್ದೆವು. ಇರ್ಫಾನ್ ಬಂದಿದ್ದರು.

"ಈಗ ಒಮ್ಮೆ ನಡೀತರೀ," ಎಂದೆ. "ಹಂಗ ಇನ್ನೊಮ್ಮೆ ನಡಿಯೋಹಂಗ ಮಾಡಿಕೊಡ್ರಿ. ಅದನ್ನ ಇಳಿಸಿಟ್ಟುಕೊಳ್ಳಬೇಕು."

ಅವರು ಟೇಬಲ್ಲಿನ ಪಕ್ಕದ ಪ್ಲೈವುಡ್ಡಿನ ಸ್ಕ್ರೂ ಬಿಚ್ಚಿ ಬ್ಯಾಟರಿ ಹಿಡಿದು ಒಳಗೆ ಇಣುಕಿದರು. ಆಮೇಲೆ ಮಾನಿಟರಿನ ಹಿಂದೆ ಕೈ ಹಾಕಿ ತಡವಿದರು.

"ಮೇಡಂ, ಮಾನಿಟರಿನಿಂದ ಸಿಪಿಯುಕ್ಕ ಇನ್ನೊಂದು ವೈರ್ ಬರಬೇಕಲ್ಲ. ಒಂದು ಕಡಿ ಚೌಕ ಮುಖದ್ದು. ಎಲ್ಲದ ಅದು?"

ನಾನೂ ಬಗ್ಗಿ ನೋಡಿದೆ.

"ಅದಿಲ್ಲಂದ್ರ ಈ ಕಿಂಡಿ ಬರೇ ತೂತರೀ. ಚಿತ್ರ ಬೇರೆ ವೈರಿನಾಗ ಬರ್ತದ. ಇದಕ್ಕ ಏನು ಚುಚ್ಚಿದ್ರೂ ಅದು ಕಂಪ್ಯೂಟರಿಗಿ ಗೊತ್ತೇ ಆಗಂಗಿಲ್ಲ."

"ಈಗ ನಡೀತಲ್ರೀ..."

"ಕೈಸೆ ನಡೀತದ ಮೇಡಂ?" ನಕ್ಕರು. "ದಾರೀನೇ ಇಲ್ಲ."

ಆಗ ನನ್ನ ಕಣ್ಣು ಬೀರುವಿನ ಮೇಲೆ ಹೋಯಿತು. ಬಂದವರಿಗೆ ಹಾಸುವ ಗಾದಿಯ ಸುರುಳಿ ಅಲ್ಲಿತ್ತು. ಸುಣ್ಣ ಹಚ್ಚಿಸಿದಾಗ ನಮ್ಮವರು ವೈರುಗಳನ್ನೆಲ್ಲ ತಿರುಗಿ ಜೋಡಿಸಿದರೆ ಒಂದು ಉಳಿದಿತ್ತು. ಅದಿಲ್ಲದೆಯೂ ಎಲ್ಲ ನಡೆಯುತ್ತದೆ, ಕಂಪನಿಯವರು ಹೆಚ್ಚಿಗೆ ಕೊಟ್ಟಿರುತ್ತಾರೆ ಎಂದು ಅದರಿಂದ ಗಾದಿ ಸುತ್ತಿ ಗಂಟು ಹಾಕಿದ್ದರು. ಒಂದು ತುದಿಯ ಚೌಕ ಮುಖ ಕೆಳಗೆ ಜೋತುಬಿದ್ದಿತ್ತು.

ಇರ್ಫಾನ್ ಅದನ್ನು ಬಿಚ್ಚಿ ಜೋಡಿಸಿದರು. ತಮ್ಮ ಪೆನ್ ಡ್ರೈವನ್ನು ಮಾನಿಟರಿನ ಕಿಂಡಿಗೆ ಹಾಕಿದರು. ಟುಂ, ಟಿಂ. ಕೂಡಲೇ ತೆರೆಯಿತು. ವತ್ಸಲಾಳದನ್ನು ಹಾಕಿದರು. ಏನೂ ಇಲ್ಲ. ಸಿಪಿಯುವಿನ ಹಿಂದೆಯೇ ಹಾಕಿ ನೋಡಿದರು. ಇಲ್ಲ. ಮೂಗಿನ ಹತ್ತಿರ ಹಿಡಿದು ಮೂಸಿದರು.

"ನೀರಿಗಿ ಬಿದ್ದಿತ್ತೇನಕ್ಕ?"

ವತ್ಸಲಾ ಸೆರಗಿನ ಅಂಚು ನೋಡುತ್ತ ಹೇಳಿದಳು. "ಸೂತಕ ಕಳಿಯೋ ದಿನ ಮನಿಯಾಗಿನ ಎಲ್ಲಾ ಅರಿವಿ ನೆನಿ ಇಡ್ತಾರಲ್ರೀ. ಗೂಟಕ್ಕಿದ್ದ ಅವರ ಅಂಗಿನೂ ಹಾಕಿದ್ರು. ಕಿಸೆ ಯಾರೂ ನೋಡಿಲ್ಲ. ಒಣಗಿದ ಮ್ಯಾಲ ಮಡಚುವಾಗ ನನಗ ಸಿಕ್ತು."

"ಸೋಡಾದ ನೀರು?"

"ಹೂಂ. ರಾತ್ರಿಯೆಲ್ಲಾ."

ಇರ್ಫಾನ್ ಅದನ್ನು ಅವಳ ಕೈಯಲ್ಲಿ ಇಡಲಿಲ್ಲ. ಟೇಬಲ್ಲಿನ ಮೇಲೆ ಮೆಲ್ಲಗೆ ಇಟ್ಟರು. "ಇದು ಆವತ್ತೇ ಹೋಗ್ಯದಕ್ಕ. ಆಮ್ಯಾಲ ಯಾವ ಕಂಪ್ಯೂಟರಿನಾಗೂ ನಡದಿರಂಗಿಲ್ಲ." ಚಹಾ ಕೂಡ ಬೇಡವೆಂದು ಹೊರಟುಹೋದರು.

ವತ್ಸಲಾ ಅಳಲಿಲ್ಲ. ಖಾಲಿ ಪರದೆಯ ಕಡೆ ನೋಡುತ್ತ ಕುಳಿತಿದ್ದಳು.

"ಕೂಸಿನ್ನ ಕರಕೊಂಡು ಬರಬೇಕಿತ್ತು ವೈನಿ," ಎಂದಳು. "ಸ್ವಲ್ಪ ಮೈ ಬೆಚ್ಚಗಿತ್ತಷ್ಟ. ತೊಡಿ ಮ್ಯಾಲ ಕೂಡಿಸ್ಕೊಂಡಿದ್ರ ಅದಕ್ಕೂ ಕೇಳಸ್ತಿತ್ತು."

ಬಿಸಿ ಹಾಲು ಕೊಟ್ಟು, ಗಾದಿ ಹಾಸಿ ಮಲಗಿಸಿದೆ.

ವರ್ಷಗಳಾದವು. ಈಗಲೂ ಯಾರಾದರೂ ಕಂಪ್ಯೂಟರಿಗೆ ಏನನ್ನೋ ಚುಚ್ಚಿ ಆ ಎರಡು ಸ್ವರ ಕೇಳಿಸಿದರೆ, ಕೈಯಲ್ಲಿನ ಕೆಲಸ ಬಿಟ್ಟು ಉಸಿರು ಹಿಡಿದು ನಿಲ್ಲುತ್ತೇನೆ. ಏನನ್ನು ಕಾಯುತ್ತೇನೋ ನನಗೇ ತಿಳಿಯದು. ಎದೆ ತುಂಬಿದ ದುಃಖಕ್ಕೆ ಕಿವಿಯೂ ಬಗ್ಗುತ್ತದೆ, ಇಬ್ಬರು ಹೆಂಗಸರು ಕತ್ತಲಲ್ಲಿ ತಮಗೆ ಬೇಕಾದದ್ದನ್ನು ಕೇಳಿಸಿಕೊಂಡೆವು ಎಂದು ಸಮಾಧಾನ ಹೇಳಿಕೊಳ್ಳಬಹುದಿತ್ತು. ಅಂದು ರಾತ್ರಿಯೇ ಹಾಗೆ ಹೇಳಿಕೊಳ್ಳಲು ಶುರುಮಾಡಿದ್ದೆ ಕೂಡ. ಅಷ್ಟರಲ್ಲಿ ಪಕ್ಕದ ಮನೆಯ ಶಿವಲೀಲಾ ಹೆಪ್ಪು ಬೇಕೆಂದು ಬಟ್ಟಲು ಹಿಡಿದುಕೊಂಡು ಬಂದರು. ನಮ್ಮ ನಡುಮನೆಯ ಕಿಟಕಿಗೂ ಅವರ ಹಿತ್ತಿಲ ಕಟ್ಟೆಗೂ ನಡುವೆ ಒಂದು ಕಂಪೌಂಡು ಮಾತ್ರ.

ಒಂದು ಚಮಚ ಮೊಸರು ಹಾಕಿಕೊಟ್ಟೆ. ಹೋಗುತ್ತ ಗೇಟಿನ ಹತ್ತಿರ ತಿರುಗಿ ಹೇಳಿದರು:

"ಸಂಜಿಕ ನಿಮ್ಮ ಮನ್ಯಾಗ ಬರಸಾಕತ್ತಿದ್ರಲ್ರೀ, ಆ ಮಾಸ್ತರು... ಭಾಳ ತಾಳ್ಮಿ ನೋಡ್ರಿ ಅವರಿಗಿ. ನಮ್ಮ ಹುಡುಗೀನೂ ಈ ಕಡಿ ಕಟ್ಟಿ ಮ್ಯಾಲ ಕುಂತು ಬರಕೊಂಡ್ಳು. ಕಡೀದೊಂದ ಕೇಳಸಲಿಲ್ಲಂತ. ನಾಳಿ ಬಂದಾಗ ಒಂಚೂರು ಜೋರ್ಲೆ ಹೇಳ್ರಿ ಅನ್ರಿ."