ತಾತ ಗೆದ್ದ ಕೇಸು

ನಮ್ಮ ತಾತ ಕೇಸು ಗೆದ್ದಿದ್ದ. ಬಾದನಹಟ್ಟಿಯ ನಮ್ಮ ಮನೆಯಲ್ಲಿ ಇದನ್ನು ಊಟಕ್ಕೆ ಮೊದಲು ಒಮ್ಮೆ, ಊಟವಾದ ಮೇಲೆ ಒಮ್ಮೆ ಹೇಳಲಾಗುತ್ತಿತ್ತು. ಅಪ್ಪನ ಪ್ರಕಾರ ಬಳ್ಳಾರಿ ಕೋರ್ಟಿನ ಬಿಳಿಯ ಜಡ್ಜ್ ಕುರ್ಚಿಯಿಂದೆದ್ದು ತಾತನ ಕೈ ಕುಲುಕಿದ್ದನಂತೆ. ಅದನ್ನು ಕಣ್ಣಾರೆ ಕಂಡವರು ಯಾರೂ ಬದುಕಿರಲಿಲ್ಲ. ಅಪ್ಪನಿಗೆ ಅದೇ ದೊಡ್ಡ ಅನುಕೂಲ.

ಕೇಸು ಒಂದು ಬಂಡಿ ದಾರಿಯದು. ನಮ್ಮ ಹೊಲಕ್ಕೂ ಪಕ್ಕದವನ ಹೊಲಕ್ಕೂ ನಡುವೆ ಹಾದು ರಸ್ತೆ ಸೇರುವ ದಾರಿ. ಎಪ್ಪತ್ತರ ದಶಕದಲ್ಲಿ ಪಕ್ಕದವನ ಹೊಲದ ಆಚೆ ಬದಿಗೆ ಕಾಲುವೆ ರಸ್ತೆ ಬಂತು. ಹಳೇ ದಾರಿ ತನಗೆ ಬೇಡವಾದ ಮೇಲೆ ನಮಗೂ ಬೇಡವೆಂದು ಆ ಪುಣ್ಯಾತ್ಮ ತಾನೇ ತೀರ್ಮಾನಿಸಿ ಜಾಲಿಮುಳ್ಳು ಬಡಿದ. ಅಂದಿನಿಂದ ಸಿರುಗುಪ್ಪದ ಮಿಲ್ಲಿಗೆ ಹೋಗುವ ನಮ್ಮ ಭತ್ತದ ಚೀಲಗಳು ಆಳುಗಳ ತಲೆ ಮೇಲೆ ರಸ್ತೆಗೆ ಬರತೊಡಗಿದವು. ಅವ್ವ ಬುತ್ತಿ ಹೊತ್ತು ಗದ್ದೆಯ ಬದುವಿನ ಮೇಲೆ ಸುತ್ತಿಕೊಂಡು ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಜಾರಿ ಬಿದ್ದು ಮೊಣಕಾಲು ಕೆಡಿಸಿಕೊಂಡಳು. ಇನ್ನೊಮ್ಮೆ ಬಿದ್ದರೆ ಈಕೆ ಏಳುವುದಿಲ್ಲ ಎಂದು ಕುರುಗೋಡಿನ ಡಾಕ್ಟರು ಹೇಳಿ ಕಳಿಸಿದರು.

ಕೇಳಲು ಹೋದರೆ ಪಕ್ಕದವನು, "ಕೇಸ್ ಗೆದ್ದದ್ದು ನಮ್ ತಾತ. ದಾರಿ ನಮ್ದು" ಅಂದ.

"ಗೆದ್ದದ್ದು ನಮ್ಮಪ್ಪ ಲೇ!" ಎಂದು ಅಪ್ಪ ಮೀಸೆ ತಿರುವಿದ.

ತೀರ್ಪಿನ ಕಾಗದ ಮಾತ್ರ ಎರಡೂ ಮನೆಯಲ್ಲಿರಲಿಲ್ಲ. ಕಾಗದ ಕಳೆದುಕೊಂಡು ಗೆಲುವನ್ನಷ್ಟೇ ಇಬ್ಬರೂ ಜೋಪಾನ ಮಾಡಿದ್ದರು.

ನಾನು ಬಳ್ಳಾರಿಯಲ್ಲಿ ಟೀಚರು, ಕಂಟೋನ್ಮೆಂಟಿನಲ್ಲಿ ಬಾಡಿಗೆ ಕೋಣೆ. ಹೀಗಾಗಿ ಹುಡುಕುವ ಕೆಲಸ ನನ್ನ ತಲೆಗೆ ಬಂತು. ಕೋರ್ಟಿನ ರೆಕಾರ್ಡ್ ರೂಮಿನಲ್ಲಿ ಕೇಸಿನ ನಂಬರಿಲ್ಲದೆ ಕಡತದ ಕಟ್ಟು ಇಳಿಸುವುದಿಲ್ಲ. ನಂಬರು ಬೇಕೆಂದರೆ ಇಂಡೆಕ್ಸ್ ಪುಸ್ತಕ ನೋಡಬೇಕು. ವರ್ಷಕ್ಕೊಂದು ಪುಸ್ತಕ, ಮದ್ರಾಸಿನ ಕಾಲದ ಇಂಗ್ಲಿಷ್ ಬರಹ, ಕೇಸು ಹಾಕಿದವರ ಹೆಸರಿನ ಅಕ್ಷರದ ಪ್ರಕಾರ ಸಾಲುಗಳು.

"ಯಾವ ವರ್ಸದ್ದಮ್ಮ?" ಎಂದರು ಗುಮಾಸ್ತರು, ಕಿವಿಯಲ್ಲಿ ಕಡ್ಡಿ ತಿರುವುತ್ತ.

ಅಪ್ಪ ಹೇಳಿಕೊಟ್ಟದ್ದನ್ನೇ ಹೇಳಿದೆ: "ನಮ್ ಬಿಳಿ ಎತ್ತು ಸತ್ತ ಮರುವರ್ಸ."

"ಎತ್ತು ಸತ್ತದ್ದಕ್ಕ ನಾವು ಪುಸ್ತಕ ಇಟ್ಟಿಲ್ಲಮ್ಮ" ಎಂದು ಅವರು ಮತ್ತೆ ಕಿವಿಯ ಕೆಲಸಕ್ಕೆ ತೊಡಗಿದರು.

ಶನಿವಾರಗಳಂದು ಬೆಳಗಿನ ಶಾಲೆ ಮುಗಿಸಿ ಹೋಗಿ, ವರ್ಷದ ಮೇಲೆ ವರ್ಷ ತಿರುವಿದೆ. ಮೂಗಿಗೆ ಸೆರಗು, ಬೆರಳಿಗೆ ಮಸಿ. ನಮ್ಮ ಕಡೆಯ ದೊಡ್ಡ ಮನೆತನಗಳು ಎಂಥ ಸಾಧುಗಳೆಂದು ತಿಳಿಯಬೇಕಾದರೆ ಆ ಪುಸ್ತಕ ನೋಡಬೇಕು. ಅಣ್ಣನ ಮೇಲೆ ತಮ್ಮ, ಮಾವನ ಮೇಲೆ ಅಳಿಯ, ಒಂದು ಬೇವಿನ ಮರಕ್ಕಾಗಿ ಊರಿಗೆ ಊರೇ. ನಮ್ಮ ತಾತನೊಬ್ಬನೇ ಇಲ್ಲ!

ಊರಿಗೆ ಹೋದಾಗ ಕೇಳಿದೆ: "ಅಪ್ಪಾ, ಕೇಸು ಹಾಕಿದ್ದು ತಾತನೇ ಹೌದಾ?"

"ಮತ್ಯಾರು? ನಮ್ ಮನಿತನದಾಗ ಯಾರೂ ಹಾಕಿಸ್ಕೊಂಡೋರಲ್ಲ!"

ಮುಂದಿನ ಶನಿವಾರ ಸಿಟ್ಟಿಗೆದ್ದು ಪಕ್ಕದವನ ಮನೆತನದ ಅಕ್ಷರ ತೆಗೆದೆ. ಅಯ್ಯೋ ನನ್ನ ಕರ್ಮವೇ, ಅದೇ ಮಧ್ಯಾಹ್ನ ಸಿಕ್ಕಿತು. ಕೇಸು ಹಾಕಿದವನು ಪಕ್ಕದವನ ತಾತ. ಹಾಕಿಸಿಕೊಂಡವನು ನಮ್ಮ ತಾತ. ನಂಬರು ಕೊಟ್ಟು, ಕಟ್ಟು ಇಳಿಸಿ, ನಕಲು ಪಡೆದು ಓದಿದೆ. ಅಂದು ಆ ದಾರಿಗೆ ಮುಳ್ಳು ಬಡಿದಿದ್ದವನೇ ನಮ್ಮ ತಾತ! ಅದನ್ನು ಆತನೇ ಕಿತ್ತು ಹಾಕಬೇಕು, ದಾರಿ ಎರಡೂ ಮನೆಗಳಿಗೆ ಸೇರಿದ್ದು, ಮುಂದೆಯೂ ಯಾರೂ ಮುಚ್ಚಕೂಡದು ಎಂದು ತೀರ್ಪು. ಕೆಳಗಿನ ಸಹಿಯೂ ಬಿಳಿಯನದಲ್ಲ, ಯಾರೋ ತಮಿಳು ಮುನ್ಸೀಫರದು.

ಓದಿ ಹೇಳಿದಾಗ ಅಪ್ಪನ ಮುಖ ಕಪ್ಪಿಟ್ಟಿತು. "ಇದು ಬ್ಯಾರೆ ಯಾರ್ದೋ ಕೇಸು. ಎಲ್ಲಿಂದ ತಂದ್ಯೋ ಅಲ್ಲೇ ಇಟ್ಟು ಬಾ" ಅಂದ.

ಅವ್ವ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. "ನಿಮ್ಮಪ್ಪನ್ನ ಗೆಲ್ಸಾಕ ನನ್ನ ಕಾಲು ಮುರೀಬೇಕೇನು?" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ನಾಳಿ ಕಟ್ಟಿ ಮ್ಯಾಲೆ ಕುಂತು ಎಲ್ರ ಮುಂದ ಓದವ್ವ" ಎಂದಳು. ಅಪ್ಪ ಊಟ ಬಿಟ್ಟು ಎದ್ದ. ಅವ್ವ ಅವನನ್ನು ಕರೆಯಲಿಲ್ಲ.

ಮರುದಿನ ಬೇವಿನ ಕಟ್ಟೆಯ ಮೇಲೆ ಕನ್ನಡ ಮಾಡಿ ಹೇಳುತ್ತ ಓದಿದೆ. ಅಪ್ಪ ದೂರದಲ್ಲಿ ತಲೆಗೆ ಟವೆಲ್ ಹೊದ್ದು ಕೂತಿದ್ದ. ನಮ್ಮ ತಾತ ಸೋತ ಎಂಬಲ್ಲಿಗೆ ಬಂದದ್ದೇ ತಡ, ಪಕ್ಕದವನು ಎದೆ ಉಬ್ಬಿಸಿ ಎದ್ದು ನಿಂತ.

"ಕೇಳಿದ್ರೇನ್ರಿ? ಇನ್ನೊಂದ್ಸಾರಿ ಓದಮ್ಮ, ಜೋರಾಗಿ!"

ಓದಿದೆ. ಮತ್ತೆ ಓದಿಸಿದ. ಮೂರನೆಯ ಸಲಕ್ಕೆ ಅವನ ಕಣ್ಣಲ್ಲಿ ನೀರೇ ಬಂತು.

ಹಿರಿಯರೊಬ್ಬರು ಕೇಳಿದರು: "ಹಂಗಾರ ಈ ಕಾಗದ ಖರೇ ಏನಪ್ಪ?"

"ಖರೇ ಅಂದ್ರ? ನಮ್ ತಾತನ ಕಾಗದ! ಸುಳ್ಳು ಅಂದೋನ ನಾಲಿಗಿ ಕೀಳ್ತೀನಿ."

ಆಗ ನಾನು ಮುಂದಿನ ಸಾಲು ಓದಿದೆ. ದಾರಿ ಎರಡೂ ಮನೆಗಳದು, ಯಾರೂ ಮುಚ್ಚಕೂಡದು.

ಉಬ್ಬಿಸಿದ್ದ ಎದೆ ಇಳಿಸಿ ಅವನು ಮೆಲ್ಲಗೆ ಕೂತ. ಕಟ್ಟೆಯ ಮೇಲಿನ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ತಾತನ ಗೆಲುವನ್ನು ಬಿಡಲಾರದೆ ಅವನು ದಾರಿ ಬಿಟ್ಟ. ಸಂಜೆಯೊಳಗೆ ಮುಳ್ಳು ಹೋಯಿತು.

ಅಪ್ಪ ಮಾತ್ರ ಆ ದಾರಿ ತುಳಿಯಲಿಲ್ಲ. ಬಂಡಿಯನ್ನು ಆಳಿನ ಕೈಗೆ ಕೊಟ್ಟು, ತಾನು ಅವ್ವ ಬಿದ್ದಿದ್ದ ಅದೇ ಬದುವಿನ ಮೇಲೆ ಕೆಸರಿನಲ್ಲಿ ಸುತ್ತಿಕೊಂಡು ನಡೆಯುತ್ತಿದ್ದ. ಒಂದು ದಿನ ಅವ್ವ ಬಂಡಿ ನಿಲ್ಲಿಸಿ, ಆಚೆಯಿಂದ ಅವನನ್ನು ಕೂಗಿದಳು.

"ಬರ್ರಿ, ಹತ್ರಿ ಬಂಡಿ! ನಿಮ್ಮಪ್ಪ ಸೋತು ಕೊಟ್ಟ ದಾರಿ ಭಾಳ ಚೆಂದ ಐತಿ."