ಎಂಜಲು ಬಕೆಟ್ಟಿನ ಸೀಟಿ

ಕುರ್ಲಾ ಸ್ಟೇಷನ್ ಪಕ್ಕದ ಹೋಟೆಲಿನಲ್ಲಿ ನೀಲಯ ಪೂಜಾರಿ ಚಹಾ ಮಾಡುತ್ತ ಬಂದು ಎಷ್ಟು ವರ್ಷವಾಯಿತೋ ಅವನಿಗೇ ಲೆಕ್ಕವಿಲ್ಲ. ನಿಂತು ನಿಂತು ಕಾಲಿನ ನರಗಳು ಉಬ್ಬಿಹೋಗಿದ್ದವು. ಹಳೆಯ ಧಣಿ ತೀರಿಕೊಂಡ ಮೇಲೆ ಮಗ ಪ್ರೀತಮ್ ಗಲ್ಲಾಪೆಟ್ಟಿಗೆಯ ಮುಂದೆ ಕೂತ. ಚಮಚಗಳು ಕಾಣೆಯಾಗುತ್ತಿವೆ ಎಂಬುದು ಅವನ ಕಣ್ಣಿಗೆ ಬಿತ್ತು. ಅನುಮಾನ ಹೋದದ್ದು ಪಾತ್ರೆ ತೊಳೆಯುವ ಹನುಮವ್ವನ ಮೇಲೆ. ಮನೆಗೆ ಹೊರಡುವಾಗ ಅವಳು ಎಲ್ಲರೆದುರು ಚೀಲ ಬಿಚ್ಚಿ ತೋರಿಸಬೇಕಾಯಿತು. ಖಾಲಿ ಡಬ್ಬಿ, ಎಲೆಅಡಿಕೆ, ಒಂದು ಸೀರೆ ತುಂಡು.

ಗಡಿಬಿಡಿಯಲ್ಲಿ ತಟ್ಟೆ ಬಳಿಯುವಾಗ ಚಮಚವೂ ಎಂಜಲಿನ ಜೊತೆ ಬಕೆಟ್ಟಿಗೆ ಜಾರುತ್ತದೆ ಎಂದು ನೀಲಯ ಒಮ್ಮೆ ಹೇಳಿ ನೋಡಿದ.

"ನೀಲಯಣ್ಣ, ಪ್ರೂಫ್ ಬೇಕಲ್ಲ?" ಎಂದ ಪ್ರೀತಮ್, ಮೊಬೈಲಿನಿಂದ ತಲೆ ಎತ್ತದೆ.

ನೀಲಯನಿಗೆ ಮೊದಲಿನಿಂದಲೂ ಹಳೇ ರೇಡಿಯೊ ಬಿಚ್ಚಿ ಜೋಡಿಸುವ ಹುಚ್ಚು. ರಜೆಯ ದಿನ ಆಂಟಾಪ್ ಹಿಲ್‌ನ ಮನೆಯಲ್ಲಿ ತಾಮ್ರದ ತಂತಿಯನ್ನು ಬಳೆಯಂತೆ ಸುತ್ತಿ, ಹಲಗೆಗೆ ಬಿಗಿದು, ಅದಕ್ಕೊಂದು ಸಣ್ಣ ರೇಡಿಯೊ ಜೋಡಿಸಿದ. ಅದು ಸಣ್ಣಗೆ ಸೀಟಿ ಹಾಕುತ್ತಿತ್ತು; ಚಮಚದಂಥ ಲೋಹ ಹತ್ತಿರ ಬಂದರೆ ಆ ದನಿ ಏರಬೇಕು.

"ಒಂದು ದಿನವಾದರೂ ಬೆನ್ನು ನೆಲಕ್ಕೆ ಹಾಕಬಾರದಾ?" ಎಂದಳು ಹೆಂಡತಿ ವಾರಿಜಾ. ಅವನು ಇನ್ನೊಂದು ತಂತಿ ಜೋಡಿಸಿದ. ಬೆಸುಗೆಯ ಹೊಗೆಗೆ ಕಣ್ಣು ಉರಿಯುತ್ತಿತ್ತು.

ಹೋಟೆಲಿಗೆ ತಂದು ಎಂಜಲಿನ ಬಕೆಟ್ಟಿನ ಮೇಲೆ ಹಿಡಿದರೆ ಅದರ ಕಿರುಚು ನಿಲ್ಲುವುದೇ ಇಲ್ಲ. ಬಕೆಟ್ಟೇ ತಗಡಿನದು! ಪ್ಲಾಸ್ಟಿಕ್ಕಿನದಕ್ಕೆ ಎಂಜಲು ಸುರಿದ. ಹನುಮವ್ವ ಹತ್ತಿರ ಬಂದದ್ದೇ ಮತ್ತೆ ಕಿರುಚಿತು.

"ನನ್ನ ಕಡಗಾನೂ ಕಳವಿನ ಮಾಲು ಅಂತೈತೇನ್ರಿ ಇದು?" ಎಂದು ಅವಳು ದೂರ ಸರಿದಳು.

ಒಂದು ಗೇಣಿನಾಚೆಗೆ ಯಂತ್ರಕ್ಕೆ ಏನೂ ತಿಳಿಯದು. ಎಂಜಲನ್ನು ಅಗಲವಾದ ಪ್ಲಾಸ್ಟಿಕ್ ಟಬ್ಬಿಗೆ ತೆಳ್ಳಗೆ ಹರಡಿ, ಹಲಗೆಯನ್ನು ಮೇಲೆ ಆಡಿಸಬೇಕಾಯಿತು. ಮೂಲೆಯೊಂದರಲ್ಲಿ ಸೀಟಿ ಸಣ್ಣಗೆ ಏರಿತು. ನೀಲಯ ಕೈ ಹಾಕಿದ. ಸಾಂಬಾರಿನಲ್ಲಿ ಮಿಂದ ಚಮಚ. ಇನ್ನೊಂದು ಕಡೆ ಮತ್ತೊಂದು.

ಪ್ರೀತಮ್ ಬಂದು ನೋಡಿದ. "ಸಹೀ ಹೈ, ನೀಲಯಣ್ಣ!" ಎಂದು ಮೆಚ್ಚಿಕೊಂಡ. ಹನುಮವ್ವನ ಕಡೆ ತಿರುಗಿ, "ನಾಳೆಯಿಂದ ಚೀಲ ತೋರಿಸೋದು ಬೇಡ. ದಿನಾ ಇದನ್ನು ಆಡಿಸಿ ಚಮಚ ತೆಗೆದಿಡು," ಎಂದು ಹೋದ. ತಪ್ಪಾಯಿತು ಎನ್ನುವ ಒಂದು ಮಾತೂ ಬರಲಿಲ್ಲ.

ನೀಲಯನಿಗೆ ಆಗ ಹೊಳೆಯಿತು. ದಿನಾ ಎಂಜಲು ಜಾಲಾಡುವ ಈ ಕೆಲಸ ಹನುಮವ್ವನ ತಲೆಗೇ ಬರುತ್ತದೆಂದು ಅವನು ಯೋಚಿಸಿಯೇ ಇರಲಿಲ್ಲ.

"ಕೆಲಸ ಹೆಚ್ಚು ಮಾಡಿಟ್ಟೆ ನಿನಗೆ," ಎಂದ.

"ಇರಲಿ ಬಿಡ್ರಿ ಅಣ್ಣಾರ. ಕೈ ತೊಳಕೊಂಡ್ರ ಹೋಗತೈತಿ. ಕಳ್ಳಿ ಅನ್ನೋ ಹೆಸರು ಹೋಗತಿರಲಿಲ್ಲ."

ಅವನು ಟಬ್ಬಿನ ಕಡೆ ಬಗ್ಗಲು ಹೋದ, ಸೊಂಟ ಹಿಡಿದುಕೊಂಡಿತು. ಹನುಮವ್ವ ಅವನ ಕೈಯಿಂದ ಹಲಗೆ ತೆಗೆದುಕೊಂಡಳು.

"ನೀವು ಚಾ ನೋಡ್ರಿ. ಗಿರಾಕಿ ಕಾಯಾಕತ್ತಾರ."

ನೀಲಯ ಗೋಡೆ ಹಿಡಿದು ನೆಟ್ಟಗಾದ. ಕೈ ತೊಳೆದು, ಹಾಲಿನ ಪಾತ್ರೆಯನ್ನು ಮತ್ತೆ ಒಲೆಗಿಟ್ಟ.