ಸದ್ದು ಮಾಡಬಾರದ ಮನೆಗೆ ಒಂದು ಡಿಸ್ಕ್ ಪ್ಲೇಯರ್

ಹೆಂಡತಿ ತೀರಿಕೊಂಡ ಮರುತಿಂಗಳು ಬಂಗಾರಪೇಟೆಯ ಅಂಗಡಿಯಿಂದ ಫೋನು ಬಂತು. ಅವಳು ಕೇಳಿದ್ದ ಎರಡು ಡಿಸ್ಕ್ ಪ್ಲೇಯರ್‌ಗಳು ಬಂದಿವೆ, ಮನೆಗೇ ತಂದು ಕೇಳಿಸುತ್ತೇನೆ, ಮೆಚ್ಚಿದ್ದನ್ನು ಇಟ್ಟುಕೊಳ್ಳಿ ಎಂದು ಅಂಗಡಿಯಾತ ಹೇಳಿದ. ಸಾವಿನ ಸುದ್ದಿ ಅವನಿಗೆ ತಲುಪಿರಲಿಲ್ಲ. ತಿಳಿಸಿದೆ.

"ಅಯ್ಯೋ ಸಾರ್. ಹಂಗಾದ್ರೆ ವಾಪಸ್ ಕಳಿಸ್ಬಿಡ್ಲಾ?"

"ಬೇಡ, ತನ್ನಿ" ಎಂದೆ. ಅದು ನೆನಪಿಗಾಗಿ ಮಾಡಿದ ನಿರ್ಧಾರವಾಗಿರಲಿಲ್ಲ. ಆ ದಿನಗಳಲ್ಲಿ ಯಾರು ಏನು ಕೇಳಿದರೂ ಮುಂದಿನ ಕೆಲಸ ಯಾವುದೋ ಅದನ್ನು ಮಾಡುತ್ತಿದ್ದೆ. ಪ್ಲೇಯರ್ ಆರಿಸುವುದು ಅವಳು ಅರ್ಧಕ್ಕೆ ಬಿಟ್ಟ ಕೆಲಸವಾಗಿತ್ತು.

ಅವಳು ಭೌತಶಾಸ್ತ್ರ ಕಲಿಸುತ್ತಿದ್ದವಳು. ಚಿನ್ನದ ಗಣಿಯೂರಿನ ಕೋರಮಂಡಲ್ ಬಡಾವಣೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಂದು ಗೋಡೆಯ ತುಂಬ ಅವಳ ಡಿಸ್ಕುಗಳಿವೆ. ಮುಕ್ಕಾಲು ಪಾಲು ಸಾಮಾನ್ಯ ಸಿಡಿಗಳು. ಉಳಿದವು ಹೆಚ್ಚು ಸೂಕ್ಷ್ಮವಾಗಿ ಧ್ವನಿ ಹಿಡಿದಿಡುವ ಬೇರೆ ಬೇರೆ ಜಾತಿಯವು: ಎಸ್‌ಎಸಿಡಿ, ಡಿವಿಡಿ ಆಡಿಯೊ, ಒಂದಿಷ್ಟು ಬ್ಲೂ-ರೇ. ನೋಡಲು ಎಲ್ಲ ಒಂದೇ ಥರ ಹೊಳೆಯುತ್ತವೆ, ಆದರೆ ಒಂದನ್ನು ಓದುವ ಯಂತ್ರ ಇನ್ನೊಂದನ್ನು ಓದುವುದಿಲ್ಲ. ಎಲ್ಲವನ್ನೂ ಓದಬಲ್ಲ ಒಳ್ಳೆಯ ಪ್ಲೇಯರ್‌ಗಳನ್ನು ತಯಾರಿಸುವವರು ಒಬ್ಬೊಬ್ಬರಾಗಿ ಅದನ್ನು ಕೈಬಿಟ್ಟಿದ್ದಾರೆ. ನಮ್ಮ ಹಳೆಯ ಯಂತ್ರ ಅವಳು ಆಸ್ಪತ್ರೆಗೆ ಸೇರುವ ಮೊದಲೇ ಓದುವುದನ್ನು ನಿಲ್ಲಿಸಿತ್ತು.

ಮನೆಯಲ್ಲಿ ಈಗ ನಾನು ಮತ್ತು ಅವಳ ತಾಯಿ ಇದ್ದೆವು. ಅತ್ತೆಯವರು ಬೂದಿಕೋಟೆಯ ಕಡೆಯವರು. ಹಸುಗಳನ್ನು ಮಗನ ಸುಪರ್ದಿಗೆ ಬಿಟ್ಟು ಮಗಳ ಶುಶ್ರೂಷೆಗೆ ಬಂದಿದ್ದರು. ಸಾವಿನ ನಂತರವೂ ಉಳಿದಿದ್ದರು. ನಾನು ಹೋಗಿ ಎನ್ನಲಿಲ್ಲ, ಅವರೂ ಹೋಗುತ್ತೇನೆ ಎನ್ನಲಿಲ್ಲ. ಅವರು ಮಾಡಿಟ್ಟದ್ದನ್ನು ಉಣ್ಣುತ್ತಿದ್ದೆ. ಅವರಿಲ್ಲದಿದ್ದರೆ ಒಲೆ ಹಚ್ಚುತ್ತಿದ್ದೆನೆಂದು ಖಾತ್ರಿಯಾಗಿ ಹೇಳಲಾರೆ. ಪ್ಲೇಯರ್ ವಿಷಯ ತಿಳಿಸಿದಾಗ ಅವರು ಅವರೆಕಾಯಿ ಬಿಡಿಸುತ್ತಿದ್ದರು.

"ಅಪ್ಪಾ, ತಿಥಿ ಬ್ಯಾಡ ಅಂದ್ರಿ, ಬುಟ್ಟೆ. ತಲೆ ಬೋಳ್ಸಲ್ಲ ಅಂದ್ರಿ, ಬುಟ್ಟೆ. ಅವ್ಳೂ ಅಂಗೇ ಏಳಿದ್ಲು ಅಂದ್ರಿ, ಸರಿ ಅಂದೆ. ವರ್ಸ ತುಂಬೋಗಂಟ ಈ ಮನೇಲಿ ಆಡು, ಸಂಗೀತ ಕೇಳ್ಬಾರ್ದು. ಇದೊಂದೇ ನಾನ್ ಕೇಳೋದು. ಇಲ್ಲ, ಡಿಸ್ಕ್ ಆಕೇ ಆಕ್ತೀನಿ ಅಂದ್ರೆ ಏಳ್ಬುಡಿ, ಬೂದಿಕೋಟೆ ಬಸ್ ಅತ್ತೀನಿ."

ಕಾಲೇಜಿನ ದಿನಗಳಿಂದ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವನು ನಾನು. ನಂತರದ ಬದುಕನ್ನೆಲ್ಲ ಇಂಥ ಕಟ್ಟುಪಾಡುಗಳ ವಿರುದ್ಧ ಹಳ್ಳಿಹಳ್ಳಿ ತಿರುಗಿ ಮಾತಾಡುವುದಕ್ಕೆ ಕೊಟ್ಟಿದ್ದೇನೆ. ಆ ಕೆಲಸದಲ್ಲಿ ನನಗೆ ಇಂದಿಗೂ ನಂಬಿಕೆಯಿದೆ. ಆದ್ದರಿಂದ ವಾದಿಸಿದೆ. ಮೌನವೇ ಗೌರವ ಎನ್ನಲು ಆಧಾರವೇನು? ಸಂಗೀತವನ್ನು ಪ್ರೀತಿಸಿದವಳ ಹೆಸರಿನಲ್ಲಿ ಸಂಗೀತವನ್ನೇ ತಡೆಯುವುದು ಅವಳಿಗೆ ಸಲ್ಲಿಸುವ ಗೌರವವೋ, ಅವಳ ಇಚ್ಛೆಯ ನಿರಾಕರಣೆಯೋ? ಇವತ್ತು ಒಂದು ರಿಯಾಯಿತಿ ಕೊಟ್ಟರೆ ನಾಳೆ ಇನ್ನೊಂದಕ್ಕೆ ಯಾವ ಬಾಯಿಂದ ಬೇಡವೆನ್ನುವುದು? ವಾಕ್ಯಗಳು ತಾವಾಗಿ ಬರುತ್ತಿದ್ದವು. ಅವುಗಳಲ್ಲಿ ಒಂದೂ ತಪ್ಪಿರಲಿಲ್ಲ. ಹೇಳುತ್ತಿದ್ದವನಿಗೆ ಮಾತ್ರ ಅವುಗಳಿಂದ ಏನೂ ಆಗಬೇಕಿರಲಿಲ್ಲ.

ಅತ್ತೆಯವರು ಪೂರ್ತಿ ಕೇಳಿದರು. "ಆಯ್ತಾ ಬಾಸಣ? ಕಾಪಿ ಕುಡೀತೀರಾ?"

ಅಂಗಡಿಯಾತ ಭಾನುವಾರ ಆಟೋದಲ್ಲಿ ಎರಡು ಪೆಟ್ಟಿಗೆ ಹೇರಿಕೊಂಡು ಬಂದ. ಅವಳ ಫೋಟೋದ ಮುಂದೆ ನಿಂತು ಕೈಮುಗಿದು, ಕೆಲಸಕ್ಕೆ ಕೂತ. ಚಿಕ್ಕದು ಸಿಡಿ ಮತ್ತು ಎಸ್‌ಎಸಿಡಿಗಳನ್ನು ಮಾತ್ರ ಓದುವಂಥದು, ಸಂಗೀತಕ್ಕೆಂದೇ ಮಾಡಿದ್ದು. ದೊಡ್ಡದು ಒಬ್ಬರಿಂದ ಎತ್ತಲಾಗದಷ್ಟು ಭಾರವಿತ್ತು.

"ಸಾರ್, ಇದಕ್ಕೆ ಯಾವ ಡಿಸ್ಕ್ ಕೊಟ್ರೂ ಬೇಡ ಅನ್ನಲ್ಲ, ಎಲ್ಲಾ ತಿಂತದೆ. ಈ ಚಿಕ್ಕದು ಮೊದಲ್ನೇ ಸಲ ಬಂದ ಅಳಿಯ ಇದ್ದಂಗೆ. ಎರಡೇ ಐಟಂ ಮುಟ್ಟೋದು, ಆದ್ರೆ ಒಳ್ಳೇ ನಾಜೂಕು."

"ನಮ್ ಅಳಿಯ ಎಲ್ಡೂ ಮುಟ್ಟಲ್ಲ" ಎಂದರು ಬಾಗಿಲಲ್ಲಿ ನಿಂತಿದ್ದ ಅತ್ತೆ. "ಬಡಿಸಿದ್ದು ಅಂಗೇ ಇರ್ತದೆ."

ಅವನು ಸ್ಪೀಕರಿನ ತಂತಿಗೆ ಕೈ ಹಾಕಿದ. ಅತ್ತೆಯವರು ಒಳಗೆ ಹೋಗಿ, ಬಟ್ಟೆ ತುಂಬಿದ ಚೀಲ ತಂದು ಹೊಸ್ತಿಲ ಬಳಿ ಇಟ್ಟರು. ಜಗಳದ ಮುಖ ಇರಲಿಲ್ಲ. ಬಸ್ಸಿನ ಹೊತ್ತಾಯಿತೇನೋ ಎಂಬಂತೆ ಸೆರಗು ಸರಿಮಾಡಿಕೊಂಡರು. ಅಂಗಡಿಯಾತ ಒಮ್ಮೆ ಚೀಲವನ್ನು, ಒಮ್ಮೆ ನನ್ನನ್ನು ನೋಡಿದ. ವಿಷಯ ತಿಳಿಸಿದೆ.

"ಸೌಂಡೇ ಬರಬಾರ್ದಾ? ಹೆಣ್ಣು ನೋಡಕ್ಕೆ ಬಂದೋರಿಗೆ ಹೆಣ್ಣನ್ನ ಒಳಗೇ ಕೂರ್ಸಿದಂಗಾಯ್ತಲ್ಲ ಸಾರ್! ಒಂದ್ ಕೆಲಸ ಮಾಡಿ. ಎರಡಕ್ಕೂ ಹೆಡ್‌ಫೋನ್ ಹಾಕೋ ಜಾಗ ಐತೆ. ನೀವೊಬ್ರೇ ಕೇಳಿ."

ನನಗೆ ಒಪ್ಪಿಗೆಯಿರಲಿಲ್ಲ. ಗುಟ್ಟಾಗಿ ಮುರಿದರೆ ಕಟ್ಟುಪಾಡು ಮುರಿಯುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ ಎಂದು ಶುರುಮಾಡಿದೆ. ಅತ್ತೆಯವರು ನಡುವೆ ಬಾಯಿ ಹಾಕಿದರು.

"ಇಕ್ಕೊಳ್ಳಿ ಬುಡಪ್ಪ. ನಾನ್ ಬ್ಯಾಡ ಅಂದಿದ್ದು ಮನೇಗೆ. ಕಿವೀಗೆ ಅಂದ್ನಾ?"

ಇದಕ್ಕೆ ಪ್ರತಿವಾದವಿತ್ತು. ಆದರೂ ಅವಳ ಹೆಡ್‌ಫೋನು ತಂದು ಇಕ್ಕಿಕೊಂಡೆ.

ಅವಳು ಯಂತ್ರಗಳನ್ನು ಪರೀಕ್ಷಿಸಲು ಬಳಸುತ್ತಿದ್ದ ವೀಣೆಯ ಡಿಸ್ಕನ್ನೇ ಎರಡರಲ್ಲೂ ಹಾಕಿಸಿದೆ. ಚಿಕ್ಕದರಲ್ಲಿ ಬೆರಳು ತಂತಿಯ ಮೇಲೆ ಜಾರುವುದು ಬೇರೆಯಾಗಿ, ಮೀಟಿದ ಸ್ವರ ಬೇರೆಯಾಗಿ ಕೇಳಿಸುತ್ತಿತ್ತು. ಸ್ವರ ಆರಿಹೋಗುವ ಕೊನೆಯ ಎಳೆಯೂ ಸಿಗುತ್ತಿತ್ತು. ದೊಡ್ಡದರಲ್ಲಿ ಆ ಎಳೆ ಸ್ವಲ್ಪ ಬೇಗ ಮುಗಿಯುತ್ತಿತ್ತು. ಈ ವ್ಯತ್ಯಾಸಗಳನ್ನು ತಪ್ಪಿಲ್ಲದೆ ಗುರುತಿಸಿ ಅಂಗಡಿಯಾತನಿಗೆ ಹೇಳಿದೆ, ಅವನು ತಲೆದೂಗಿದ. ಆ ವೀಣೆಗೆ ಮೊದಲೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಕೂರುತ್ತಿದ್ದೆ. ಅವತ್ತು ಬರೀ ವ್ಯತ್ಯಾಸ ಎಣಿಸಿದೆ. ಚಿಕ್ಕದನ್ನೇ ಇಟ್ಟುಕೊಳ್ಳುವುದೆಂದು ತೀರ್ಮಾನಿಸಿದೆ. ಬಹುಪಾಲು ಡಿಸ್ಕುಗಳನ್ನು ಅದು ಓದುತ್ತದೆ, ಧ್ವನಿಯೂ ಮೇಲು. ಉಳಿದವು ಗೋಡೆಯಲ್ಲಿ ಸುಮ್ಮನಿರಲಿ.

"ಎಂಗದೆ?" ಎಂದರು ಅತ್ತೆ.

"ಚೆನ್ನಾಗಿದೆ."

"ಚೆನ್ನಾಗಿದ್ರೆ ಮೊಕ ಯಾಕಂಗದೆ? ಇಲ್ ಕೊಡಿ."

ಚೀಲವನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ ಚಾಪೆಯ ಮೇಲೆ ಕೂತರು. ಹೆಡ್‌ಫೋನನ್ನು ತಲೆಯ ಮೇಲಿನಿಂದ ಇಳಿಸಿದರೆ ತುರುಬು ಅಡ್ಡ ಬಂತು. ಅಂಗಡಿಯಾತ ಸರಿಮಾಡಿ ಕೂರಿಸಿ, ಚಿಕ್ಕದರಲ್ಲಿ ಮತ್ತೆ ವೀಣೆ ಹಾಕಿದ. ಅದು ಮುಗಿಯುವ ತನಕ ಅತ್ತೆಯವರು ಅಲುಗಲಿಲ್ಲ. ಕೋಣೆಯಲ್ಲಿ ಏನೂ ಕೇಳಿಸುತ್ತಿರಲಿಲ್ಲ. ಆಮೇಲೆ ಗೋಡೆಯತ್ತ ಬೆರಳು ಮಾಡಿದರು.

"ಆ ಅಸ್ರು ಬಣ್ಣದ್ ರಟ್ಟಿಂದು ಆಕಪ್ಪ. ನಾನ್ ಬಂದಾಗೆಲ್ಲ ಅದುನ್ನ ಆಕ್ಕೊಂಡು ಇಲ್ಲೇ ನೆಲದ್ ಮೇಲೆ ಮಲೀಕ್ಕೊಳಾಳು. ಕರದ್ರೂ ಓ ಅನ್ನಾಳಲ್ಲ. ಅದ್ರಾಗೆ ಏನದೆ ಅಂತ ನೋಡ್ಬೇಕು."

ಅದು ಡಿವಿಡಿ ಆಡಿಯೊ. ಚಿಕ್ಕ ಯಂತ್ರ ಅದನ್ನು ಒಳಗೆಳೆದುಕೊಂಡು ಒಂದಷ್ಟು ಹೊತ್ತು ತಿರುಗಿಸಿ, ಓದಲಾಗದು ಎಂದು ತೋರಿಸಿ ಹೊರಗಿಟ್ಟಿತು.

"ಅಮ್ಮಾ, ಇದಕ್ಕೆ ಅದು ಆಗಲ್ಲಮ್ಮ" ಎಂದ ಅಂಗಡಿಯಾತ.

"ಅಂಗಾರೆ ಆಗೋದುಕ್ಕೆ ಆಕು. ಅಲ್ ಕುಂತದಲ್ಲ ಕ್ವಾಣ."

ಡಿಸ್ಕನ್ನೂ ಹೆಡ್‌ಫೋನನ್ನೂ ದೊಡ್ಡದಕ್ಕೆ ಬದಲಾಯಿಸಿದೆ. ಅದು ಹಾಡಿಲ್ಲದ, ಬರೀ ಪಿಟೀಲುಗಳ ದೀರ್ಘ ಕೃತಿ. ಅತ್ತೆಯವರು ಕಣ್ಣು ಮುಚ್ಚಿದರು. ನಾನು ಅಂಗಡಿಯಾತನಿಗೆ ಚಿಕ್ಕದನ್ನು ವಾಪಸ್ ಕಟ್ಟಿಕೊಳ್ಳಲು ಹೇಳಿದೆ.

"ಸೌಂಡು ಅದ್ರದೇ ಮೇಲು ಅಂದ್ರಲ್ಲ ಸಾರ್?"

"ಅದರದೇ ಮೇಲು" ಎಂದೆ. ನನ್ನ ಅಭಿಪ್ರಾಯ ಬದಲಾಗಿರಲಿಲ್ಲ. ಕೃತಿಯ ಮೊದಲ ಭಾಗವೇ ಇನ್ನೂ ನಡೆಯುತ್ತಿತ್ತು, ಅವರ ಕಿವಿಯಿಂದ ತೆಗೆಯುವ ಹಾಗಿರಲಿಲ್ಲ.

ಅವನನ್ನು ಆಟೋ ತನಕ ಕಳಿಸಿ ಬಂದೆ. ಹೆಡ್‌ಫೋನು ಹಾಕಿಕೊಂಡವರ ದನಿ ಎಷ್ಟು ಏರುತ್ತದೆಂದು ಅತ್ತೆಯವರಿಗೆ ತಿಳಿದಿರಲಿಲ್ಲ. ಕಣ್ಣು ತೆರೆದು, ಬೀದಿಗೆಲ್ಲ ಕೇಳುವಂತೆ ಕೂಗಿದರು: "ಮನೇಗೆ ಕೇಳ್ತದಾ ಅಪ್ಪಾ?"

ಇಲ್ಲವೆಂದು ತಲೆಯಾಡಿಸಿದೆ. ಅವರು ಮತ್ತೆ ಕಣ್ಣು ಮುಚ್ಚಿದರು. ಬೂದಿಕೋಟೆಯ ಬಸ್ಸಿನ ಮಾತು ಬರಲಿಲ್ಲ. ನಾನು ಎದುರಿನ ಕುರ್ಚಿಯಲ್ಲಿ ಕೂತೆ. ಡಿಸ್ಕ್ ಮುಗಿದ ಮೇಲೆ ಹೊರತೆಗೆಯಲು ಅವರಿಗೆ ಬರುತ್ತಿರಲಿಲ್ಲ; ಯಾರಾದರೂ ಅಲ್ಲಿರಬೇಕಿತ್ತು.